ನೀರಿಲ್ಲದ ತಿಂಗಳ ಸರ್ವೆ

ಮೊರದಲ್ಲಿ ಜೋಳ ಹಾಕಿ ನಿಧಾನಕ್ಕೆ ಓಲಾಡಿಸಿದರೆ ಬರುತ್ತದಲ್ಲ, ಅಂಥ ಸದ್ದು. ಸರ್ರ್ ಅಂತ ಒಂದೇ ಸಮ. ಏರಿಲ್ಲ, ಇಳಿತವಿಲ್ಲ, ನಡುವೆ ಕಲ್ಲು ಸಿಕ್ಕಿದ ಟಕ್ ಕೂಡ ಇಲ್ಲ. ಜಾಲಹಳ್ಳಿಯಿಂದ ಸ್ವಲ್ಪ ದೂರ, ಬಂಡೆಗಳೇ ಹೆಚ್ಚಿದ್ದ ಒಂದು ಹೊಲದಲ್ಲಿ, ಬೇಸಿಗೆಯ ಬೆಳಿಗ್ಗೆ, ಜೀಪಿನ ಬಾನೆಟ್ ಮೇಲೆ ಇಟ್ಟಿದ್ದ ಪುಟ್ಟ ಸ್ಪೀಕರಿನಿಂದ ಆ ಸದ್ದು ಬರುತ್ತಿತ್ತು. ನನ್ನ ಗೆಳತಿ ಕಣ್ಣು ಮುಚ್ಚಿ ನಿಂತಿದ್ದಳು. ಬಹಳ ಹೊತ್ತಿನ ಮೇಲೆ, "ಕೇಳಾಕತ್ತದನ? ಮನುಷ್ಯಾರದು ಏನೂ ಇಲ್ಲ ನೋಡು. ಬರೇ ಆಕಾಶ" ಅಂದಳು.

ಅವಳೂ ನಾನೂ ರಾಯಚೂರಿನ ಕಾನ್ವೆಂಟಿನಲ್ಲಿ ಒಂದೇ ಬೆಂಚಿನ ಮೇಲೆ ಹತ್ತು ವರ್ಷ ಕೂತವರು. ನಾನು ಮಾನ್ವಿಯಿಂದ ಬಂದು ಹಾಸ್ಟೆಲಿನಲ್ಲಿದ್ದೆ, ಅವಳ ಮನೆ ರಾಯಚೂರಿನಲ್ಲೇ ಇತ್ತು. ಇಬ್ಬರಿಗೂ ಫಿಸಿಕ್ಸ್ ಹುಚ್ಚು. ಅವಳು ಎಂಜಿನಿಯರಿಂಗ್ ಓದಿ ದೂರದ ಒಂದು ವೀಕ್ಷಣಾಲಯ ಸೇರಿದಳು, ರೇಡಿಯೋ ದೂರದರ್ಶಕಗಳಿಗೆ ರಿಸೀವರ್ ಮಾಡುವ ಕೆಲಸಕ್ಕೆ. ನಾನು ಬಿ.ಎಸ್ಸಿ., ಬಿ.ಎಡ್. ಮಾಡಿಕೊಂಡು ಅದೇ ಕಾನ್ವೆಂಟಿಗೆ ಟೀಚರಾಗಿ ವಾಪಸು ಬಂದೆ. ಅವಳ ಹಾಗೆ ದೂರ ಹೋಗಬೇಡ ಅಂತ ನನಗೆ ಯಾರೂ ಹೇಳಲಿಲ್ಲ. ಹೋಗು ಅಂತಲೂ ಯಾರೂ ಹೇಳಲಿಲ್ಲ.

ರೇಡಿಯೋ ದೂರದರ್ಶಕ ಅಂದರೆ ಕಣ್ಣಿಟ್ಟು ನೋಡುವಂಥದ್ದಲ್ಲ. ಆಕಾಶದಿಂದ ಬರುವ ರೇಡಿಯೋ ಅಲೆಯನ್ನು ಆಂಟೆನಾ ಹಿಡಿಯುತ್ತದೆ. ಹಿಡಿದದ್ದನ್ನು ನಾವು ಓದುವಂತೆ ಮಾಡುವುದು ರಿಸೀವರ್. ನನ್ನ ಗೆಳತಿಯ ಆಯುಷ್ಯವೆಲ್ಲ ಆ ರಿಸೀವರಿನ ಮುಂದೆ ಕಳೆಯಿತು. ನನಗೆ ಅದರ ಕಥೆ ಗೊತ್ತಾದದ್ದು ಅವಳ ಕಾಗದಗಳಿಂದ. ಮೊದಲ ಕಾಗದಗಳಲ್ಲಿ ಅವಳ ಬೆರಳಿನ ಶಾಯಿ ಗುರುತು ಇರುತ್ತಿತ್ತು. ಆಗ ರಿಸೀವರಿನ ತುದಿಯಲ್ಲಿ ಒಂದು ಪೆನ್ನು, ಅದರ ಕೆಳಗೆ ಉರುಳುವ ಕಾಗದದ ಸುರುಳಿ. ಆಕಾಶ ಅಲುಗಿದರೆ ಪೆನ್ನು ಅಲುಗುತ್ತಿತ್ತು. ಶಾಯಿ ಒಣಗಿದರೆ ಒಂದು ನಕ್ಷತ್ರವೇ ತಪ್ಪಿಹೋಗುತ್ತಿತ್ತು ಅಂತ ಬರೆದಿದ್ದಳು.

ಆಮೇಲೆ ಡಿಜಿಟಲ್ ಬಂತು. ಅವಳು ಮಾಡಿದ ಮೊದಲನೆಯದು ಒಂದೇ ಬಿಟ್ಟಿನದು. ನನಗೆ ಅರ್ಥವಾಗಲಿ ಅಂತ ಎರಡು ಪುಟ ಬರೆದಿದ್ದಳು. "ಜಸ್ಟ್ ಇಮ್ಯಾಜಿನ್, ಆಕಾಶಕ್ಕೆ ನಾವು ಒಂದೇ ಪ್ರಶ್ನೆ ಕೇಳುತ್ತೇವೆ, ಸೊನ್ನೆಗಿಂತ ಮೇಲಿದ್ದೀಯೋ ಕೆಳಗಿದ್ದೀಯೋ? ಎಷ್ಟು ಮೇಲೆ, ಎಷ್ಟು ಕೆಳಗೆ ಅಂತ ಕೇಳುವುದೇ ಇಲ್ಲ. ಸೆಕೆಂಡಿಗೆ ಲಕ್ಷಾಂತರ ಸಲ ಇದೊಂದನ್ನೇ ಕೇಳಿದರೂ ಸಾಕು, ಬೇಕಾದ್ದೆಲ್ಲ ಅದರಿಂದ ಸಿಗುತ್ತದೆ." ನಾನು ಆ ಕಾಗದವನ್ನು ಹತ್ತನೇ ಕ್ಲಾಸಿನಲ್ಲಿ ಓದಿ ತೋರಿಸಿದೆ. ಹುಡುಗಿಯರು ನಕ್ಕರು. ಹೌದು, ಅಲ್ಲ, ಇಷ್ಟರಲ್ಲೇ ಇಡೀ ಆಕಾಶ ಹೇಗೆ ಸಿಗುತ್ತದೆ ಮಿಸ್, ಅಂತ ಒಬ್ಬಳು ಕೇಳಿದಳು. ನನಗೂ ಪೂರ್ತಿ ಗೊತ್ತಿರಲಿಲ್ಲ.

ಮುಂದಿನ ವರ್ಷಗಳಲ್ಲಿ ಎರಡು ಬಿಟ್ ಆಯಿತು, ನಾಲ್ಕಾಯಿತು, ಎಂಟಾಯಿತು. ಮೊದಮೊದಲು ಒಂದು ಏಸಿ ಕೋಣೆ ತುಂಬ ಕಬ್ಬಿಣದ ಚೌಕಟ್ಟು, ಕೈಯಲ್ಲಿ ಸಾಲ್ಡರ್ ಮಾಡಿದ ಸಾವಿರಾರು ತಂತಿ. ಕೋಣೆ ಹೋಗಿ ಅಲ್ಮಾರಿ ಆಯಿತು, ಅಲ್ಮಾರಿ ಹೋಗಿ ಟ್ರಂಕು, ಟ್ರಂಕು ಹೋಗಿ ಊಟದ ಡಬ್ಬಿಯಷ್ಟು. ಕಾಗದವೂ ಹಾಗೇ ಇಮೇಲ್ ಆಗಿ, ವಾಟ್ಸಾಪ್ ಆಯಿತು. ಇಷ್ಟೊಂದು ಬಿಟ್ ಯಾಕೆ ಬೇಕು, ಆಕಾಶಕ್ಕೆ ಒಂದೇ ಸಾಕು ಅಂದಿದ್ದೆಯಲ್ಲ, ಅಂತ ಒಮ್ಮೆ ಕೇಳಿದೆ. ಆಕಾಶಕ್ಕೆ ಈಗಲೂ ಅಷ್ಟೇ ಸಾಕು, ಉಳಿದದ್ದೆಲ್ಲ ಮನುಷ್ಯರಿಗೆ, ಅಂತ ಉತ್ತರ ಬಂತು. ಮೊಬೈಲ್ ಟವರು, ಎಫ್‌ಎಮ್ಮು, ಕರೆಂಟಿನ ಲೈನು, ಎಲ್ಲವೂ ಆಕಾಶಕ್ಕಿಂತ ಎಷ್ಟೋ ಪಟ್ಟು ಜೋರು. ಬಂಗಾರ ತೂಗುವ ತಕ್ಕಡಿಯ ಮೇಲೆ ಜೋಳದ ಚೀಲ ಇಟ್ಟರೆ ಮುಳ್ಳು ಕೊನೆಗೆ ಹೋಗಿ ಕೂತುಬಿಡುತ್ತದೆ, ಆಮೇಲೆ ಅದರ ಮೇಲೆ ಮೂಗುತಿ ಇಟ್ಟರೂ ಗೊತ್ತಾಗುವುದಿಲ್ಲ. ಚೀಲವನ್ನೂ ಮೂಗುತಿಯನ್ನೂ ಒಟ್ಟಿಗೆ ತೂಗಬಲ್ಲ ದೊಡ್ಡ ತಕ್ಕಡಿ ಬೇಕೆಂದೇ ಬಿಟ್ ಹೆಚ್ಚಿಸುತ್ತ ಹೋಗುತ್ತಿದ್ದೇವೆ, ಅಂದಿದ್ದಳು.

ಅವಳು ನಿವೃತ್ತಿಯಾದಳು. ಆದ ಮೇಲೂ ಒಂದು ಆಸೆ ಉಳಿದಿತ್ತು. ಎಲ್ಲರೂ ದೊಡ್ಡ ತಕ್ಕಡಿಯ ಹಿಂದೆ ಬಿದ್ದಿರುವಾಗ, ಗದ್ದಲವೇ ಇಲ್ಲದ ಜಾಗ ಹುಡುಕಿ, ಮತ್ತೆ ಎರಡೇ ಬಿಟ್ಟಿನ ರಿಸೀವರ್ ಮಾಡಬೇಕು. ಚಿಕ್ಕದು, ಬಿಸಿಯಾಗದ್ದು, ಒಂದು ಸೋಲಾರ್ ಫಲಕದ ಮೇಲೆ ನಡೆಯುವಂಥದ್ದು, ತಾನೇ ಸದ್ದು ಮಾಡದಂಥದ್ದು. ಹದಿನಾರು ಆಂಟೆನಾ ನೆಟ್ಟು ಪಲ್ಸಾರ್ ಕೇಳಬೇಕು. ಸತ್ತ ನಕ್ಷತ್ರಗಳವು, ತಿರುಗುತ್ತ ತಿರುಗುತ್ತ ನಾಡಿಯ ಹಾಗೆ ಮಿಡಿಯುತ್ತವೆ. ಇದನ್ನು ಸಾಧಿಸಿದರೆ ಇಂಥ ಅಗ್ಗದ ರಿಸೀವರುಗಳನ್ನು ಎಷ್ಟು ಬೇಕಾದರೂ ಮಾಡಬಹುದು, ಸಣ್ಣ ಕಾಲೇಜುಗಳೂ ದೂರದರ್ಶಕ ಇಡಬಹುದು ಅನ್ನುವುದು ಅವಳ ವಾದ. ಒಂದು ಸಂಸ್ಥೆ ಅರೆಮನಸ್ಸಿನಿಂದ ಒಪ್ಪಿತು. ಜಾಗ ನೀನೇ ಹುಡುಕು, ಮಳೆಗಾಲ ಚಳಿಗಾಲ ಎರಡೂ ನಡೆಸಿ ತೋರಿಸು, ಆಮೇಲೆ ಕಮಿಟಿ ನೋಡುತ್ತದೆ, ಅಂತ ಷರತ್ತು. "ಇದು ನನ್ನ ಕಡೀ ರಿಸೀವರ್ ಬೇ" ಅಂತ ಫೋನಿನಲ್ಲಿ ಅಂದಳು. "ಇದು ಕೆಟ್ರ ಇನ್ನೊಂದು ಯಾರೂ ಕೊಡಂಗಿಲ್ಲ."

ಜಾಗ ಹುಡುಕಲಿಕ್ಕೆ ನಮ್ಮ ಕಡೆಗೇ ಬಂದಳು. ನಮ್ಮ ಕಡೆ ಬಯಲು ಜಾಗ ಬಹಳ ಇದೆ ಅಂತ ನಾನೇ ಹೇಳಿದ್ದೆ; ನನಗಾಗಿ ಬಾ ಅಂತ ಮಾತ್ರ ಕರೆದಿರಲಿಲ್ಲ. ಆ ವರ್ಷ ನನ್ನ ತಂಗಿ ತೀರಿಕೊಂಡಿದ್ದಳು. ನಾವಿಬ್ಬರೂ ಮದುವೆಯಾಗದವರು, ರಾಯಚೂರಿನ ಒಂದು ಬಾಡಿಗೆ ಮನೆಯಲ್ಲಿ ಇಪ್ಪತ್ತೆಂಟು ವರ್ಷ ಒಟ್ಟಿಗೆ ಇದ್ದವರು. ಅವಳು ಹೋದ ಮೇಲೆ ಬೆಳಿಗ್ಗೆ ಎದ್ದು ಇಬ್ಬರಿಗೆ ಚಹಾ ಇಟ್ಟುಬಿಡುತ್ತಿದ್ದೆ. ಹೆಚ್ಚಾದದ್ದನ್ನು ಚೆಲ್ಲಲಾರದೆ ನಾನೇ ಕುಡಿಯುತ್ತಿದ್ದೆ. ಇದನ್ನು ಸಮರ್ಥನೆಗಾಗಿ ಹೇಳುತ್ತಿಲ್ಲ. ಆನೆಸ್ಟ್ಲಿ, ಸಮರ್ಥನೆ ನನ್ನ ಹತ್ತಿರ ಯಾವುದೂ ಇಲ್ಲ.

ಸಂಸ್ಥೆಯ ಹಳೇ ಜೀಪನ್ನು ಅವಳೇ ಓಡಿಸುತ್ತಿದ್ದಳು. ಹಿಂದಿನ ಸೀಟಿನಲ್ಲಿ ಮಡಚುವ ಆಂಟೆನಾ, ಸರ್ವೆಯ ರಿಸೀವರ್, ಲ್ಯಾಪ್‌ಟಾಪ್. ಮೊದಲು ಕಲ್ಮಲ. ಅಲ್ಲಿ ಆಂಟೆನಾ ಎತ್ತಿದ್ದೇ ತಡ ಸ್ಕ್ರೀನಿನ ಮೇಲೆ ಹುಲ್ಲು ಬೆಳೆದ ಹಾಗೆ ಗೆರೆಗಳೆದ್ದವು; ದೊಡ್ಡ ವಿದ್ಯುತ್ ಲೈನುಗಳು ತಲೆಯ ಮೇಲೇ ಹಾದುಹೋಗುತ್ತಿದ್ದವು. ಮಟಮಾರಿಯಲ್ಲಿ ರೈಲಿನ ತಂತಿಯ ಕಿಡಿ. ಮಾನ್ವಿಯ ಕಡೆ ರೈಸ್ ಮಿಲ್ಲು, ಟವರು. ಪ್ರತಿ ಸಲ ಅವಳು ಆಂಟೆನಾ ಮಡಚುತ್ತ, ನಿಮ್ಮೂರಾಗ ಆಕಾಶಕ್ಕೂ ಬಾಯಿ ತೆಗೆಯಾಕ ಬಿಡಂಗಿಲ್ಲೇನು, ಅಂತ ನನ್ನನ್ನೇ ಬೈಯುತ್ತಿದ್ದಳು. ಅದು ಅವಳ ಊರೇ ಅಲ್ಲವೇನೋ ಎನ್ನುವಂತೆ. ದಾರಿಯಲ್ಲಿ ನಿಲ್ಲಿಸಿ ಮಂಡಕ್ಕಿಯ ಒಗ್ಗರಣಿ, ಮಿರ್ಚಿ ಭಜಿ ತಿನ್ನುತ್ತಿದ್ದೆವು. ಡಾಕ್ಟರು ಬೇಡ ಅಂದಿದ್ದ ಮಿರ್ಚಿಯನ್ನು ಅವಳು ನಾಲ್ಕು ತಿನ್ನುತ್ತಿದ್ದಳು. ನಾನು ನಕ್ಕಿದ್ದೆ, ಎಷ್ಟೋ ತಿಂಗಳ ಮೇಲೆ.

ಒಂಬತ್ತನೆಯ ದಿನ ದೇವದುರ್ಗ ದಾಟಿ ಜಾಲಹಳ್ಳಿಯ ಕಡೆ ಹೋದಾಗ ಆ ಹೊಲ ಸಿಕ್ಕಿತು. ಎತ್ತರದ ಜಾಗ. ಮೂರು ಕಡೆ ಬಂಡೆಗಳು ಗೋಡೆಯ ಹಾಗೆ ನಿಂತಿದ್ದವು. ಟವರಿನ ಸದ್ದು ಬಂಡೆಗಳಾಚೆಯೇ ಉಳಿಯುತ್ತಿತ್ತು. ನಾಲ್ಕನೆಯ ಕಡೆ ಕೆಳಗೆ ಬೋಳು ಹೊಲಗಳು, ಅದರಾಚೆ ಒಣಗಿದ ಕಾಲುವೆ. ಹೊಲದ ತುಂಬ ಕುರಿ ಮಲಗಿದ್ದವು. ಅವು ಆ ಹೊಲದ ಯಜಮಾನನವೇ. ಐವತ್ತರ ಆಸುಪಾಸಿನ ಕುರಿಗಾರ, ಕಂಬಳಿಯನ್ನು ಬಂಡೆಗೆ ಹಾಸಿ ಕೂತಿದ್ದ. ಈ ಬಂಡೆಯ ಹೊಲ ಅವನದು, ಕೆಳಗಿನ ಬೋಳು ಹೊಲಗಳು ಅವನ ಅಣ್ಣತಮ್ಮಂದಿರವು. ಎರಡು ವಾರ ಅಲ್ಲೇ ಅಳೆದೆವು, ಹಗಲೂ ರಾತ್ರಿಯೂ ಯಂತ್ರ ತಾನೇ ಬರೆದುಕೊಳ್ಳುತ್ತಿತ್ತು. ಸರ್ರ್ ಅನ್ನುವ ಆ ಒಂದೇ ಸದ್ದು.

ಕಾಲುವೆಯ ನೀರುಂಡು ಬೆಳೆದ ಊರಿನವಳು ನಾನು. ಬೇಸಿಗೆಯಲ್ಲಿ ಕಾಲುವೆ ಬಂದ್ ಆದರೆ ಹೊಲದವರು ಏನು ಮಾಡುತ್ತಾರೆ ಅನ್ನುವುದು ನನಗೆ ಗೊತ್ತು. ಕಾಲುವೆಯ ದಂಡೆಗೆ ಹಚ್ಚಿದ ಮೋಟರುಗಳನ್ನು ಬಿಚ್ಚಿ ಮನೆಗೆ ಒಯ್ದು, ಗೋಣಿಚೀಲ ಹೊದಿಸಿ, ಮಂಚದ ಕೆಳಗೆ ಇಟ್ಟುಕೊಳ್ಳುತ್ತಾರೆ. ಹಾಗೇ ಬಿಟ್ಟರೆ ಕಳ್ಳರು ಒಯ್ಯುತ್ತಾರೆ. ವೈರನ್ನೂ ಸುತ್ತಿ ಗೂಟಕ್ಕೆ ನೇತುಹಾಕುತ್ತಾರೆ, ದೂರದ ದಂಡೆಯಲ್ಲಿ ಉಳಿಯುವುದು ಕರೆಂಟಿಲ್ಲದ ಕಂಬ ಮಾತ್ರ. ನೋಡಿದವರಿಗೆ ಅಲ್ಲಿ ಮೋಟರು ಎಂದೂ ಇರಲಿಲ್ಲ ಅನ್ನಿಸಬೇಕು, ಹಾಗೆ. ನೀರು ಬಿಟ್ಟ ದಿನ ಎಲ್ಲವೂ ಒಂದೇ ಸಲಕ್ಕೆ ವಾಪಸು ಬರುತ್ತವೆ. ಕೆಳಗಿನ ಆ ಬೋಳು ಹೊಲಗಳನ್ನು ನೋಡಿದ ಕೂಡಲೇ ನನಗೆ ಗೊತ್ತಾಗಿತ್ತು, ನೀರು ಬಂದರೆ ಈ ನಿಶ್ಶಬ್ದ ಉಳಿಯುವುದಿಲ್ಲ ಅಂತ.

ಕಡೆಯ ದಿನ ಅವಳು ಲ್ಯಾಪ್‌ಟಾಪ್ ಮುಚ್ಚಿ ನನ್ನ ಪಕ್ಕ ಬಂಡೆಯ ಮೇಲೆ ಕೂತಳು. ನಿಯಮದ ಪ್ರಕಾರ ಮಳೆಗಾಲದಲ್ಲೂ ಒಮ್ಮೆ ಅಳೆಯಬೇಕು, ಆದರೆ ಅಷ್ಟು ದಿನ ಕಮಿಟಿ ಕಾಯುವುದಿಲ್ಲ, ರಿಸೀವರಿನ ಬೋರ್ಡನ್ನು ಈಗಲೇ ಮಾಡಿಸಲಿಕ್ಕೆ ಕೊಡಬೇಕು, ಅಂತ ಹೇಳಿದಳು. ಬೋರ್ಡ್ ಒಮ್ಮೆ ಎರಡು ಬಿಟ್ಟಿಗೆ ಅಂತ ಮಾಡಿಸಿದರೆ ಆಮೇಲೆ ಹೆಚ್ಚಿಸಲಿಕ್ಕೆ ಬರುವುದಿಲ್ಲ. ಹಾಗಾಗಿ ಯಂತ್ರದ ಬದಲು ಮನುಷ್ಯರನ್ನೇ ಕೇಳಬೇಕು.

"ನೀ ಈ ಕಡೆಯಾಕಿ. ಹೇಳು. ವರ್ಷಪೂರ್ತಿ ಹಿಂಗ ಇರ್ತದನು?"

ಕುರಿಗಾರ ಅಲ್ಲೇ ಇದ್ದ. ನಮ್ಮ ಮಾತು ಕೇಳಿ, "ಈಗ ಕಾಲುವಿ ಬಂದ್ ಅದ ರೀ ಅಕ್ಕಾರ, ನೀರು ಬಿಟ್ಟ ಮ್ಯಾಲ…" ಅಂತ ಶುರು ಮಾಡಿದ.

ನಾನು ಅವನ ಕಡೆ ತಿರುಗಿ, ಯಪ್ಪಾ, ಮಜ್ಜಿಗಿ ಇದ್ರ ಒಂದೀಟು ತಗೊಂಬಾ, ಬಿಸಿಲಿಗೆ ತಲಿ ತಿರಗಾಕತ್ತದ, ಅಂದೆ. ಅವನು ಎದ್ದು ಹೋದ. ನಾನು ಮಾನ್ವಿಯವಳು ಅಂತ ಹಿಂದಿನ ದಿನವೇ ಅವನಿಗೆ ಹೇಳಿದ್ದೆ. ಈಕೆಗೆ ಗೊತ್ತಿರುತ್ತದೆ, ಹೇಳುತ್ತಾಳೆ, ಅಂದುಕೊಂಡಿರಬೇಕು.

"ಹಿಂಗ ಇರ್ತದ" ಅಂದೆ ನಾನು. "ಎತ್ತರದ ಹೊಲ. ಇಲ್ಲಿಗೆ ನೀರು ಹತ್ತಂಗಿಲ್ಲ."

ಹತ್ತುವುದಿಲ್ಲ ಅನ್ನುವುದು ಸುಳ್ಳಲ್ಲ. ಆ ಹೊಲಕ್ಕೆ ಹತ್ತುವುದಿಲ್ಲ. ಕೆಳಗಿನವಕ್ಕೆ ಮೋಟರಿನಿಂದ ಎತ್ತುತ್ತಾರೆ. ಮಕ್ಕಳು ಹೋಮ್‌ವರ್ಕ್ ಮಾಡದೆ ಬಂದಾಗ ಇಂಥ ಉತ್ತರ ಕೊಡುವುದನ್ನು ಮೂವತ್ತು ವರ್ಷ ಕೇಳಿದ್ದೇನೆ. ಒಂದೇ ನೋಟಕ್ಕೆ ಹಿಡಿದುಬಿಡುತ್ತಿದ್ದೆ. ಅವಳು ಹಿಡಿಯಲಿಲ್ಲ. ವರದಿಯಲ್ಲಿ ಬರೆದುಕೊಂಡಳು. ಆಮೇಲೆ ಅದನ್ನು ನನಗೆ ಓದಲಿಕ್ಕೂ ಕೊಟ್ಟಳು. ಸ್ಥಳೀಯರ ಮಾಹಿತಿಯ ಪ್ರಕಾರ ವರ್ಷವಿಡೀ ಈ ಸ್ಥಿತಿಯಲ್ಲಿ ಹೆಚ್ಚಿನ ಬದಲಾವಣೆ ಇಲ್ಲ, ಅಂತ ಇಂಗ್ಲಿಷಿನಲ್ಲಿ ಇತ್ತು. ಸ್ಥಳೀಯರು ಅಂದರೆ ನಾನು. ಒಂದು ಸ್ಪೆಲ್ಲಿಂಗ್ ತಪ್ಪು ತೋರಿಸಿ ವಾಪಸು ಕೊಟ್ಟೆ.

ಅವಳು ದೇವದುರ್ಗದಲ್ಲಿ ಒಂದು ಕೋಣೆ ಹಿಡಿದಳು. ನಾನು ಪ್ರತಿ ಶನಿವಾರ ರಾಯಚೂರಿನಿಂದ ಬಸ್ಸು ಹತ್ತುತ್ತಿದ್ದೆ, ಪುಂಡಿ ಪಲ್ಯ, ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು. ಬೋರ್ಡುಗಳು ಬಂದವು. ಅಲ್ಯೂಮಿನಿಯಂ ಕೊಳವೆಯ ಹದಿನಾರು ಆಂಟೆನಾ ಹೊಲದಲ್ಲಿ ಸಾಲಾಗಿ ನಿಂತವು, ಬಂಡೆಯ ಬುಡಕ್ಕೆ ಯಂತ್ರ ಇಡಲಿಕ್ಕೆ ಒಂದು ತಗಡಿನ ಶೆಡ್ಡು. ಕುರಿಗಾರನ ಹೆಂಡತಿ ಅವಕ್ಕೆ ಬಟ್ಟೆ ಒಣಹಾಕಬಹುದೇನು ಅಂತ ಕೇಳಿ, ಬೇಡ ಅಂದದ್ದಕ್ಕೆ, ಇಷ್ಟು ಹಗ್ಗ ಕಟ್ಟಿ ಒಂದು ಸೀರಿಗೂ ಆಗಲಿಲ್ಲಲ್ಲ ತಾಯಿ, ಅಂತ ಚೇಷ್ಟೆ ಮಾಡಿದಳು. ನನ್ನ ಗೆಳತಿ ಅದನ್ನು ವಾರಗಟ್ಟಲೆ ಹೇಳಿ ನಗುತ್ತಿದ್ದಳು.

ಆ ರಿಸೀವರನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ತಣ್ಣಗಿತ್ತು. ಒಂದು ಕಾಲಕ್ಕೆ ಏಸಿ ಕೋಣೆ ತುಂಬಿದ್ದದ್ದು ಅದು, ಅಂತ ಅವಳು ಹೇಳಿದಾಗ ನಂಬಲಿಕ್ಕೆ ಆಗಲಿಲ್ಲ. ನಾಲ್ಕನೆಯ ದಿನಕ್ಕೆ ಒಂದು ಪಲ್ಸಾರ್ ಸಿಕ್ಕಿತು. ಸ್ಕ್ರೀನಿನ ಮೇಲೆ ಸಣ್ಣದೊಂದು ಗುಡ್ಡ, ಗಂಟೆಗಟ್ಟಲೆ ಮಿಡಿತಗಳನ್ನು ಒಂದರ ಮೇಲೊಂದು ಇಟ್ಟ ಮೇಲೆ ಎದ್ದದ್ದು. ಅದು ಹೊರಟು ಎಷ್ಟೋ ಶತಮಾನ ಆಗಿರುತ್ತದೆ ಅಂದಳು. ಹೆಚ್ಚಿನ ಕಂಪನದ ಅಲೆ ಮೊದಲು ಬರುತ್ತದೆ, ಕಡಿಮೆ ಕಂಪನದ್ದು ಹಿಂದೆ ಬೀಳುತ್ತದೆ, ದಾರಿ ಉದ್ದ ಇದ್ದಷ್ಟೂ ನಡುವಿನ ಅಂತರ ಹೆಚ್ಚು; ಹಾಗಾಗಿ ಇದು ದೂರದಿಂದ ಬಂದದ್ದೇ ಅಂತ ಗೊತ್ತಾಗುತ್ತದೆ, ಅಂತ ಬೆರಳಿನಿಂದ ತೋರಿಸಿದಳು. ಆ ದಿನ ಅವಳ ಮುಖ ಒಂಬತ್ತನೇ ಕ್ಲಾಸಿನಲ್ಲಿ ಇದ್ದ ಹಾಗೇ ಇತ್ತು. ನಾನು ಹೇಳಬಹುದಿತ್ತು. ಆಗಲೂ ನೀರು ಬಿಟ್ಟಿರಲಿಲ್ಲ. ಕಮಿಟಿಗೆ ಕಾಗದ ಬರೆಯಬಹುದಿತ್ತು, ಬೇರೆ ಜಾಗ ಕೇಳಬಹುದಿತ್ತು, ಬೋರ್ಡ್ ಬದಲಿಸಲಿಕ್ಕೆ ಅವಕಾಶ ಬೇಡಬಹುದಿತ್ತು. ಪ್ರತಿ ಶನಿವಾರ ಬಸ್ಸಿನಲ್ಲಿ ಕೂತು, ಇವತ್ತು ಹೇಳುತ್ತೇನೆ, ಅಂದುಕೊಳ್ಳುತ್ತಿದ್ದೆ. ಇಳಿದ ಕೂಡಲೇ ಅವಳು, ಏನ್ ತಂದಿ ಬೇ, ಅಂತ ಚೀಲಕ್ಕೆ ಕೈ ಹಾಕುತ್ತಿದ್ದಳು.

ಒಂದು ಶನಿವಾರ ಬಸ್ಸಿನ ಕಿಟಕಿಯಿಂದ ಕಾಲುವೆಯಲ್ಲಿ ನೀರು ಕಂಡಿತು. ಕೆಂಪಗೆ, ಕಸ ಹೊತ್ತುಕೊಂಡು ಬರುತ್ತಿತ್ತು. ಪಕ್ಕದ ಸೀಟಿನವರು ಕೈ ಮುಗಿದರು.

ಎರಡು ದಿನದಲ್ಲಿ ಮೋಟರುಗಳು ದಂಡೆಗೆ ಬಂದವು. ಮೋಟರಿನದಲ್ಲ ತಕರಾರು, ಅದರ ಹಳೇ ಸ್ಟಾರ್ಟರಿನದು, ಸಡಿಲ ಸುತ್ತಿದ ವೈರಿನದು, ಕಂಬದ ಮೇಲೆ ಬಿರುಕು ಬಿಟ್ಟ ಪಿಂಗಾಣಿಯದು. ಎಲ್ಲೆಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿ. ಎರಡು ಬಿಟ್ಟಿನ ತಕ್ಕಡಿಗೆ ಅಷ್ಟು ಸಾಕಿತ್ತು. ಸ್ಕ್ರೀನು ಮೇಲಿನಿಂದ ಕೆಳಗಿನವರೆಗೆ ಬಿಳಿಯಾಯಿತು. ಅವಳು ಕೈಯಲ್ಲಿ ಸಣ್ಣ ಆಂಟೆನಾ ಹಿಡಿದು, ತಪ್ಪಿಸಿಕೊಂಡ ಕುರಿ ಹುಡುಕುವವಳ ಹಾಗೆ ಕೆಸರಿನಲ್ಲಿ ಕಂಬದಿಂದ ಕಂಬಕ್ಕೆ ಹೋದಳು. ಸ್ಟಾರ್ಟರಿನ ಪೆಟ್ಟಿಗೆಗಳಿಗೆ ತಾನೇ ತಂತಿಯ ಜಾಳಿಗೆ ಹಾಕಿದಳು, ಸಡಿಲ ವೈರು ಬಿಗಿದಳು. ಹೊಲದವರು ಬೇಡ ಅನ್ನಲಿಲ್ಲ; ಮುದುಕಿಯೊಬ್ಬಳು ಪುಕ್ಕಟೆ ರಿಪೇರಿ ಮಾಡಿಕೊಡುತ್ತಾಳೆ ಅಂತ ದೂರದವರೂ ಕರೆದರು. ಒಂದು ಮುಚ್ಚಿದರೆ ಇನ್ನೆರಡು ತೆರೆದುಕೊಳ್ಳುತ್ತಿದ್ದವು. ನಾನು ಹಿಂದಿನಿಂದ ಅವಳ ಚಪ್ಪಲಿ ಹಿಡಿದುಕೊಂಡು ನಡೆಯುತ್ತಿದ್ದೆ. ಇಷ್ಟು ಮೋಟರ್ ಎಲ್ಲಿಂದ ಬಂದ್ವು, ಅಂತ ಒಮ್ಮೆ ನನ್ನನ್ನು ಕೇಳಿದಳು. ಈ ವರ್ಷ ಹೊಸದಾಗಿ ಹಚ್ಚಿರಬೇಕು, ಅಂದೆ. ಅದು ಪೂರ್ತಿ ಸುಳ್ಳು.

ಬೆಳೆ ಎದೆಯುದ್ದ ಬಂದಾಗ ಹೊಸದೊಂದು ಶುರುವಾಯಿತು. ಆ ಶನಿವಾರ ಮಧ್ಯಾಹ್ನ ನಾನು ಅಲ್ಲೇ ಇದ್ದೆ. ಅಂದು ಕರೆಂಟ್ ಇರಲಿಲ್ಲ, ಮೋಟರುಗಳು ನಿಂತಿದ್ದವು, ಅಪರೂಪಕ್ಕೆ ಸ್ಕ್ರೀನು ತಿಳಿಯಾಗಿತ್ತು. ಆ ತಿಳಿಯಲ್ಲಿ ಒಂದು ಮಿಡಿತ ಕಂಡಿತು. ಸೆಕೆಂಡಿಗೆ ಸುಮಾರು ಒಂದು, ಸ್ವಲ್ಪವೂ ತಪ್ಪದೆ. ಅವಳು ಸ್ಟೂಲಿನಿಂದ ಎದ್ದೇಬಿಟ್ಟಳು. ನನ್ನ ಭುಜ ಹಿಡಿದುಕೊಂಡಳು. ಕ್ಷಣಮಾತ್ರ ಅಷ್ಟೇ. ಕೂತು ಎರಡು ಕೀಲಿ ಒತ್ತಿ ನೋಡಿದಳು. ಹೆಚ್ಚಿನ ಕಂಪನ, ಕಡಿಮೆ ಕಂಪನ, ಎಲ್ಲವೂ ಒಂದೇ ಸಲಕ್ಕೆ ಬರುತ್ತಿದ್ದವು. ಹಿಂದೆ ಬಿದ್ದದ್ದು ಯಾವುದೂ ಇರಲಿಲ್ಲ. "ದೂರದ್ದಲ್ಲ" ಅಂದಳು. "ಇಲ್ಲೇ ಬಾಜೂದ್ದು."

ಶೆಡ್ಡಿನ ಹೊರಗೆ ಬಂದು ನೋಡಿದೆವು. ಕೆಳಗಿನ ಹೊಲಗಳ ಸುತ್ತ ಝಟಕಾ ತಂತಿ ಎಳೆದಿದ್ದರು, ಕಾಡುಹಂದಿ ಬರಬಾರದು ಅಂತ. ಸೋಲಾರಿನ ಮೇಲೆ ನಡೆಯುವ ಡಬ್ಬಿ, ಸೆಕೆಂಡಿಗೊಮ್ಮೆ ಟಿಕ್ ಅಂತ ತಂತಿಗೆ ಝಟಕಾ ಕೊಡುತ್ತದೆ. ಅದೂ ಒಂದಲ್ಲ, ಹೊಲಕ್ಕೊಂದು, ಹಗಲೂ ರಾತ್ರಿಯೂ. ಬೆಳೆ ಇದ್ದಾಗ ಮಾತ್ರ ಎಳೆಯುತ್ತಾರೆ, ಬೇಸಿಗೆಯಲ್ಲಿ ಅದರ ಗೂಟವೂ ಇರುವುದಿಲ್ಲ. ಕರೆಂಟ್ ಇಲ್ಲದ ಹೊತ್ತಾದರೂ ಸಿಗುತ್ತಿತ್ತಲ್ಲ, ಅದೂ ಹೋಯಿತು. ಬಂದ್ ಮಾಡು ಅಂತ ಕೇಳೋಣವೇ ಅಂದೆ. ಅವಳು ತಲೆ ಅಲ್ಲಾಡಿಸಿದಳು. ಹಂದಿ ಒಂದೇ ರಾತ್ರಿಗೆ ಹೊಲ ಮುಗಿಸಿಬಿಡುತ್ತದೆ, ನಕ್ಷತ್ರ ಕೇಳಬೇಕು ಸುಮ್ಮನಿರಿ ಅಂತ ಯಾವ ಬಾಯಿಂದ ಹೇಳಲಿ, ಅಂದಳು. ಸ್ಟೂಲಿನ ಮೇಲೆ ಕೂತು ಆ ಟಿಕ್‌ಗಳನ್ನೇ ನೋಡುತ್ತಿದ್ದಳು. ಅಷ್ಟು ಚಂದದ ಸಿಗ್ನಲ್ ಆಕಾಶದಿಂದ ಎಂದೂ ಬಂದಿರಲಿಲ್ಲ, ಅಂತ ಆಮೇಲೆ ಒಮ್ಮೆ ಹೇಳಿದಳು.

ಚಳಿಗಾಲಕ್ಕೆ ಕುರಿಗಾರ ಮೇಲಿನ ಸೀಮೆಯಿಂದ ಕುರಿ ಹೊಡೆದುಕೊಂಡು ವಾಪಸು ಬಂದ. ನೀರು ಬಿಡುವ ಮುಂಚೆಯೇ ಹೋಗಿದ್ದವನು. ಇಲ್ಲಿ ಏನಾಗಿದೆ ಅಂತ ಗೊತ್ತಿರಲಿಲ್ಲ. ಆಂಟೆನಾಗಳ ಕೆಳಗೆ ಹುಲ್ಲು ಬೆಳೆದದ್ದನ್ನು ನೋಡಿ ಬಂದು, ನಮ್ಮ ಜೊತೆ ಕೂತು, ಯಾಕ ಅಕ್ಕಾರ ಸೊರಗೀರಿ, ಅಂತ ವಿಚಾರಿಸಿದ. ಅವಳು ಮೋಟರಿನ ಕಥೆ, ಝಟಕಾದ ಕಥೆ ಹೇಳಿದಳು. ಅವನು ಕಂಬಳಿಯ ಅಂಚನ್ನು ತಿರುವಿದ.

"ನಾ ಅವತ್ತೇ ಹೇಳಾಕ ಬಂದಿದ್ದೆ ರೀ. ವರ್ಷಾ ವರ್ಷಾ ಹಿಂಗ. ನೀರು ಬಿಟ್ಟ ಮ್ಯಾಲ ಇಲ್ಲಿ ನಮ್ಮ ಕುರಿಗೂ ಜಾಗ ಇರಂಗಿಲ್ಲ, ಅದಕ್ಕ ನಾವು ಹೊಂಟು ಹೋಗ್ತೀವಿ. ಟೀಚರಮ್ಮಾರು ಮಜ್ಜಿಗಿ ತಗೊಂಬಾ ಅಂದ್ರು. ಮಾನ್ವಿಯವ್ರು ಅದಾರ, ಕಾಲುವಿ ನೋಡಿದವ್ರು, ಹೇಳಿರ್ತಾರ ಅಂತ ನಾ ಸುಮ್ಕಾದೆ."

ಅವನು ಆಪಾದನೆ ಮಾಡಲಿಲ್ಲ. ತನ್ನದೇ ತಪ್ಪು ಎನ್ನುವ ಹಾಗೆ ಹೇಳಿದ. ಕುರಿಯೊಂದು ಕೆಮ್ಮಿತು ಅಂತ ಎದ್ದು ಹೋದ. ಅವಳು ನನ್ನ ಕಡೆ ನೋಡಲಿಲ್ಲ. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು.

"ಗೊತ್ತಿತ್ತಾ ನಿನಗ?"

"ಗೊತ್ತಿತ್ತು."

"ಯಾಕ ಬೇ?"

ಉತ್ತರವನ್ನು ಎಷ್ಟು ಸಲ ತಯಾರು ಮಾಡಿಕೊಂಡಿದ್ದೆನೋ. ಬಾಯಿಗೆ ಬಂದದ್ದು ಒಂದೇ. "ನೀ ಇಲ್ಲೇ ಇರ್ತಿ ಅಂತ."

ಕೆಳಗೆ ಯಾರದೋ ಮೋಟರ್ ಶುರುವಾಯಿತು.

"ಕೇಳಬೇಕಿತ್ತಲ್ಲ" ಅಂದಳು. "ಬಾ ಅಂತ ಕರೀಬೇಕಿತ್ತು. ರಿಸೀವರ್ ಇಲ್ಲದಿದ್ರೂ ಬರ್ತಿದ್ನಲ್ಲ."

ಅದಾದ ಮೇಲೂ ಮೂರು ಶನಿವಾರ ಹೋದೆ. ತಂದ ಬುತ್ತಿಯನ್ನು ಅವಳು ಬಿಚ್ಚುತ್ತಿದ್ದಳು, ಉಣ್ಣುತ್ತಿದ್ದಳು, ಪಾತ್ರೆ ತೊಳೆದು ವಾಪಸು ಕೊಡುತ್ತಿದ್ದಳು. ರೊಟ್ಟಿ ಮೆತ್ತಗಿವೆ, ಬಿಸಿಲು ಜೋರಾಯಿತು, ಇಂಥವೇ ಮಾತು. ಜಗಳವಾಡಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನಾನು ಕಮಿಟಿಗೆ ಬರೆಯುತ್ತೇನೆ, ತಪ್ಪು ನನ್ನದು ಅಂತ ಹೇಳುತ್ತೇನೆ, ಅಂದೆ. ಬೇಡ ಅಂದಳು. ವರದಿಗೆ ಸಹಿ ಹಾಕಿದ್ದು ತಾನು. ಮಳೆಗಾಲದ ಸರ್ವೆ ಬಿಟ್ಟು ಗೆಳತಿಯ ಮಾತು ನಂಬಿದೆ ಅಂತ ಹೇಳಿದರೆ ಇದ್ದ ಮರ್ಯಾದೆಯೂ ಹೋಗುತ್ತದೆ, ಅಂದಳು. ಅದು ನಿಜ. ನನ್ನ ತಪ್ಪನ್ನು ಒಪ್ಪಿಕೊಳ್ಳುವುದರಿಂದಲೂ ಅವಳಿಗೇ ನಷ್ಟವಾಗುವ ಹಾಗೆ ಮಾಡಿಟ್ಟಿದ್ದೆ.

ಕಮಿಟಿಯಿಂದ ಕಾಗದ ಬಂತು. ನಾಲ್ಕು ಸಾಲು. ಎರಡು ಬಿಟ್ಟಿನ ಪ್ರಯೋಗ ವಾಸ್ತವದ ಪರಿಸ್ಥಿತಿಯಲ್ಲಿ ನಡೆಯುವುದಿಲ್ಲ ಅಂತ ಸಾಬೀತಾಗಿದೆ, ಸಹಕಾರಕ್ಕೆ ವಂದನೆಗಳು. ಅವಳ ರಿಸೀವರಿನದು ತಪ್ಪಿರಲಿಲ್ಲ. ಅವಳು ಮಾಡಿದ ಲೆಕ್ಕಗಳಲ್ಲಿ ಒಂದೂ ತಪ್ಪಿರಲಿಲ್ಲ. ಅದು ನನಗೆ ಗೊತ್ತು, ಅವಳಿಗೆ ಗೊತ್ತು, ಮೂರನೆಯವರಿಗೆ ಗೊತ್ತಾಗುವ ದಾರಿಯೇ ಇಲ್ಲ. ಇನ್ನು ಮುಂದೆ ಯಾರಾದರೂ ಇಂಥದ್ದು ಮಾಡುತ್ತೇನೆ ಅಂದರೆ, ಜಾಲಹಳ್ಳಿಯ ಹತ್ತಿರ ಮಾಡಿ ನೋಡಿದ್ದಾಯಿತಲ್ಲ, ಅನ್ನುತ್ತಾರೆ.

ಜೀಪನ್ನೂ ಆಂಟೆನಾಗಳನ್ನೂ ಸಂಸ್ಥೆಯವರು ಬಂದು ಒಯ್ದರು. ಹೊರಡುವ ದಿನ ಯಾವುದು ಅಂತ ಅವಳು ನನಗೆ ಹೇಳಿರಲಿಲ್ಲ. ಕುರಿಗಾರನ ಹೆಂಡತಿ ನಸುಕಿನಲ್ಲೇ ಫೋನ್ ಮಾಡಿದಳು, ಅಕ್ಕಾರು ಇವತ್ತು ಹೊಂಟಾರ ರೀ, ನಿಮಗ ಹೇಳ್ಯಾರೋ ಇಲ್ಲೋ ಅಂತ ಮಾಡಿದೆ, ಅಂತ. ಬೆಳಗಿನ ಮೊದಲ ಬಸ್ಸು ಹಿಡಿದು ದೇವದುರ್ಗಕ್ಕೆ ಹೋದೆ. ಬಸ್ ಸ್ಟ್ಯಾಂಡಿನಲ್ಲೇ ಸಿಕ್ಕಳು. ಒಂದು ಸೂಟ್‌ಕೇಸು, ಬೆಡ್‌ಶೀಟಿನಲ್ಲಿ ಸುತ್ತಿದ ಆ ರಿಸೀವರಿನ ಡಬ್ಬಿ. ರಾಯಚೂರಿಗೆ ಹೋಗಿ ಅಲ್ಲಿಂದ ಮಧ್ಯಾಹ್ನದ ರೈಲು ಹಿಡಿಯುವವಳಿದ್ದಳು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ನಾನು ಸೂಟ್‌ಕೇಸಿಗೆ ಕೈ ಹಾಕಿದೆ, ಅವಳು ಬಿಟ್ಟಳು. ಪಕ್ಕದಲ್ಲಿ ನಿಂತೆವು. ಏನು ಮಾತಾಡಿದೆವು ಅಂತ ನೆನಪು ಮಾಡಿಕೊಳ್ಳಲಿಕ್ಕೆ ಎಷ್ಟು ಪ್ರಯತ್ನಿಸಿದರೂ ಆಗುವುದಿಲ್ಲ.

ರಾಯಚೂರಿನ ಬಸ್ಸು ಬಂತು. ಸೂಟ್‌ಕೇಸನ್ನು ಒಳಗಿಟ್ಟು ಕೊಟ್ಟೆ. ನಾನೂ ಹೋಗಬೇಕಾದ್ದು ಅದೇ ಊರಿಗೆ. ಮೆಟ್ಟಿಲ ಮೇಲೆ ಕಾಲಿಟ್ಟಿದ್ದೆ, ಅವಳು ಸೀಟಿನಿಂದಲೇ ನನ್ನ ಕಡೆ ನೋಡಿದಳು. ಸಿಟ್ಟಿರಲಿಲ್ಲ. ಬಹಳ ದಣಿದವರು ನೋಡುವ ಹಾಗೆ ನೋಡಿದಳು.

"ನೀ ಮುಂದಿನ ಬಸ್ಸಿಗೆ ಬಾ" ಅಂದಳು.

ಕಾಲು ಕೆಳಗಿಟ್ಟೆ. ಕಂಡಕ್ಟರ್ ಬಂದು ತೊಡೆಯ ಮೇಲಿನ ಡಬ್ಬಿಯನ್ನು ಕೆಳಗಿಡಿ ಅಂದ ಅಂತ ಕಾಣುತ್ತದೆ, ಅವಳು ತಲೆ ಅಲ್ಲಾಡಿಸಿ ಎರಡೂ ಕೈಯಿಂದ ಅದನ್ನು ಹತ್ತಿರಕ್ಕೆ ಎಳೆದುಕೊಂಡಳು. ಬಸ್ಸು ಹಿಂದಕ್ಕೆ ಬಂದು ತಿರುಗಿತು. ಆಚೆ ಬದಿಯ ಕಿಟಕಿಯಲ್ಲಿ ಅವಳ ಬಿಳಿ ಕೂದಲು ಒಂದು ಸಲ ಕಂಡಿತು. ಮುಂದಿನ ಬಸ್ಸು ಒಂದೂಕಾಲು ತಾಸಿನ ಮೇಲೆ ಇತ್ತು. ಕಲ್ಲಿನ ಬೆಂಚಿನ ಮೇಲೆ ಕೂತೆ.